ಆ ಆಟದಲ್ಲಿ ಏನೂ ನಡೆಯೋದೇ ಇಲ್ವಲ್ಲ?

ನಾನು ವೆಸ್ನೋತ್ ಆಡುವಾಗ ಹಿಂದೆ ಬಂದು ನಿಂತವರೆಲ್ಲ ಕೇಳುವ ಪ್ರಶ್ನೆ ಇದು. ಐದು ನಿಮಿಷ ನೋಡ್ತಾರೆ. ಪರದೆ ಮೇಲೆ ಒಂದು ಹುಳವೂ ಅಲುಗಾಡಲ್ಲ. "ಹ್ಯಾಂಗ್ ಆಗಿದೆಯಾ?" ಅಂತಾರೆ. ಇಲ್ಲ ಮಾರಾಯ್ರೆ, ಯೋಚನೆ ಮಾಡ್ತಿದ್ದೇನೆ.

'ಬ್ಯಾಟಲ್ ಫಾರ್ ವೆಸ್ನೋತ್' 2003ರಲ್ಲಿ ಬಂದ ಓಪನ್ ಸೋರ್ಸ್ (ಅಂದರೆ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟ) ಕಂಪ್ಯೂಟರ್ ಆಟ. ದುಡ್ಡು ಕೊಡಬೇಕಿಲ್ಲ. ಚೂಪು ಕಿವಿಯ ಎಲ್ಫ್, ರಾಕ್ಷಸರಂಥ ಓರ್ಕ್, ಮಂತ್ರವಾದಿ, ಎದ್ದು ಓಡಾಡುವ ಅಸ್ಥಿಪಂಜರ ಎಲ್ಲ ಇವೆ. ನೆಲದ ತುಂಬ ಚದುರಂಗದ ಹಲಗೆಯಲ್ಲಿರುವಂಥ, ಆದರೆ ಆರು ಮೂಲೆಯ ಮನೆಗಳು. ನನ್ನ ಸರದಿ ಮುಗಿದ ಮೇಲೆ ಎದುರಾಳಿಯ ಸರದಿ, ನಮ್ಮ ಚೌಕಾಬಾರದ ಹಾಗೆ.

ನನ್ನನ್ನು ಹಿಡಿದು ಕೂರಿಸಿದ್ದು ಅದರ ಹಗಲು ರಾತ್ರಿ. ಒಂದು ದಿನಕ್ಕೆ ಆರು ಸರದಿ. ಹೆಚ್ಚಿನ ಮನುಷ್ಯರ ಏಟಿಗೆ ಹಗಲಲ್ಲಿ ಶೇ. 25 ಬಲ ಜಾಸ್ತಿ, ರಾತ್ರಿ ಅಷ್ಟೇ ಕಡಿಮೆ. ಓರ್ಕ್‌ಗಳದ್ದು ತಿರುಗಾ ಮುರುಗಾ. ಸಾಮಾನ್ಯ ಓರ್ಕ್ ಒಬ್ಬನ ಕತ್ತಿಯ ಒಂದು ಏಟಿಗೆ 9 ಅಂಕದಷ್ಟು ಜೀವ ಹೋಗುತ್ತದೆ. ಅದೇ ಕತ್ತಿ ರಾತ್ರಿ 11, ಹಗಲು 7. ಹಾಗಾಗಿ ಸಂಜೆಯಾಗುತ್ತಿದ್ದ ಹಾಗೆ, ಮನುಷ್ಯರ ಪಡೆ ನಡೆಸುವ ನಾನು ಸುಮ್ನೆ ಹಿಂದೆ ಸರಿಯುತ್ತೇನೆ. ಹೊಳೆ ದಾಟಿ ಈಚೆ ದಡದ ಹಳ್ಳಿಯಲ್ಲಿ ಈಟಿಯವನನ್ನು ನಿಲ್ಲಿಸುತ್ತೇನೆ. ಅಲ್ಲಿ ಅವನಿಗೆ ಏಟು ತಾಗುವ ಸಾಧ್ಯತೆ ನೂರಕ್ಕೆ 40, ಜೊತೆಗೆ ಸರದಿಗೆ 8 ಅಂಕದಂತೆ ಗಾಯ ಮಾಯುತ್ತದೆ. ಬೆನ್ನಟ್ಟಿ ಬಂದ ಓರ್ಕ್ ಮೊಣಕಾಲುದ್ದ ನೀರಲ್ಲಿ ನಿಂತು ಹೊಡೀಬೇಕು. ಅವನಿಗೆ ತಾಗುವ ಸಾಧ್ಯತೆ 80. ಪರದೆ ಮೇಲೆ ಏನೂ ನಡೆಯದ ಆ ಐದು ನಿಮಿಷದಲ್ಲಿ ನಾನು ಹುಡುಕುತ್ತಿದ್ದದ್ದು ಈ ಒಂದು ಮನೆಯನ್ನು.

ಹಾಗಂತ ಲೆಕ್ಕ ಹಾಕಿದ್ದೆಲ್ಲ ನಡೆಯುತ್ತೆ ಅಂತಲ್ಲ. ಮಂತ್ರವಾದಿಯ ಬೆಂಕಿ ಯಾವ ನೆಲದಲ್ಲಾದರೂ ನೂರಕ್ಕೆ 70 ತಾಗುತ್ತದೆ. ಮೂರು ಸಲ ಎಸೀತಾನೆ. ಮೂರೂ ತಪ್ಪುವ ಸಾಧ್ಯತೆ ನೂರಕ್ಕೆ 3 ಕೂಡ ಇಲ್ಲ. ಮೊನ್ನೆ ಮೂರೂ ತಪ್ಪಿದವು! ಕವಡೆ ಕೈಕೊಟ್ಟ ಹಾಗೆ. ಅದಕ್ಕೆ ಬೈಕೊಂಡು ಸುಮ್ಮನಾಗಬಹುದು.

ಬೈಕೊಳ್ಳೋಕೂ ಆಗದ್ದು ಬೇರೆ ಇದೆ. ಒಂದು ಯುದ್ಧದಲ್ಲಿ ಬದುಕಿದವರನ್ನು ಮುಂದಿನ ಯುದ್ಧಕ್ಕೆ ಮತ್ತೆ ಕರೆಸಿಕೊಳ್ಳಬಹುದು. ಹಾಗೆ ನಾಲ್ಕು ಯುದ್ಧ ದಾಟಿ ಎರಡನೇ ಮಟ್ಟಕ್ಕೇರಿದ ಕತ್ತಿಯವನೊಬ್ಬ ನನ್ನ ಹತ್ತಿರ ಇದ್ದ. ಮಧ್ಯಾಹ್ನದ ಸರದಿ, ಅರೆಜೀವ ಆಗಿದ್ದ ಓರ್ಕ್ ಒಬ್ಬ ಓಡ್ತಿದ್ದ. ಇನ್ನೊಂದೇ ಏಟು ಅಂತ ಅಟ್ಟಿಸಿಕೊಂಡು ಹೋಗಿ ಹೊಡೆದೆ. ಅವನು ಸತ್ತ. ನನ್ನ ಸಾಲು ಎರಡು ಮನೆ ಹಿಂದೆ ಉಳಿದಿತ್ತು. ಕತ್ತಲಾಯಿತು, ನಾಲ್ಕು ಓರ್ಕ್‌ಗಳು ಕತ್ತಿಯವನನ್ನು ಸುತ್ತುಗಟ್ಟಿದವು. ಯಾರನ್ನು ಬೈಯಲಿ? ಯಾರೂ ಅವಸರ ಮಾಡಿರಲಿಲ್ಲ, ಬೇಕಾದಷ್ಟು ಹೊತ್ತಿತ್ತು. ಆಸೆ ನನ್ನದೇ. (ಸೇವ್ ಮಾಡಿದ್ದ ಕಡೆಯಿಂದ ಮತ್ತೆ ಶುರು ಮಾಡಬಹುದಿತ್ತು. ಮಾಡಲಿಲ್ಲ ಅಂದರೆ ಸುಳ್ಳಾಗುತ್ತೆ.)

ಗುಂಡು ಹಾರಿಸುವ ಆಟಗಳನ್ನೂ ಆಡಿ ನೋಡಿದ್ದೇನೆ. ಅಲ್ಲಿ ಸತ್ತರೆ ಬೆರಳು ನಿಧಾನ ಆಯ್ತು ಅಂದ್ಕೋತೀನಿ, ಅಷ್ಟೇ. ಮತ್ತೆ ಅಲ್ಲಿ ಒಲೆ ಮೇಲೆ ಹಾಲಿಟ್ಟು ಕೂರೋ ಹಾಗಿಲ್ಲ. ಇಲ್ಲಿ ಎದ್ದು ಹೋಗಿ ಹಾಲಿಳಿಸಿ, ಕಾಫಿ ಬೆರೆಸಿಕೊಂಡು ಬರ್ತೀನಿ. ಓರ್ಕ್‌ಗಳು ಹೊಳೆಯ ನೀರಲ್ಲಿ ಹಾಗೇ ನಿಂತಿರುತ್ತವೆ.