ಕೋಡ್ ಹೇಳಿದ್ದು ಒಂದು, ಕೆಟ್ಟಿದ್ದು ಇನ್ನೊಂದು

ಆ ತಿಂಗಳು ದುಡ್ಡಿಗೆ ತುಂಬಾ ಬಿಗಿ ಇತ್ತು. ಅಂಥ ಹೊತ್ತಲ್ಲೇ ಕಾರಿನ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಗಾಡಿ ಚೆನ್ನಾಗೇ ಓಡುತ್ತಿತ್ತು, ಪಿಕಪ್ ಕೂಡ ಇತ್ತು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಎಂಜಿನ್ ಸಣ್ಣಗೆ ನಡುಗುತ್ತಿತ್ತು.

ಲೈಟ್ ಒಂದೇ ಸಮ ಉರಿಯುತ್ತಿದೆಯೋ, ಮಿನುಗುತ್ತಿದೆಯೋ ಅಂತ ಮೊದಲು ನೋಡಿದೆ. ಮಿನುಗುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ ಅಂತ ಅರ್ಥ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನೇ ಹಾಳು ಮಾಡುತ್ತದೆ. ಅದು ತುಂಬಾ ದುಬಾರಿ ಭಾಗ. ಹಾಗಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ನನ್ನದು ಒಂದೇ ಸಮ ಉರಿಯುತ್ತಿತ್ತು. ಆಯಿಲ್ ಸರಿ ಇತ್ತು, ಟೆಂಪರೇಚರ್ ಮುಳ್ಳು ಇರಬೇಕಾದ ಕಡೆಯೇ ಇತ್ತು. ಹಾಗಾಗಿ ಯೋಚಿಸಲು ಸಮಯ ಸಿಕ್ಕಿತು.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0171 ಅನ್ನುವ ದೋಷದ ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್, ಹೊಸದು ಹಾಕಿಬಿಡೋಣ" ಅಂದರು. ಅವರು ಹೇಳಿದ ಮೊತ್ತ ಆಗ ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ. ಪಿ0171 ಅಂದರೆ ಮಿಶ್ರಣ ಲೀನ್ ಆಗಿದೆ, ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಆಗಿದೆ ಅಂತ. ಆ ವಿಷಯವನ್ನು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸಿದ್ದೇ, ಹೊಗೆಯಲ್ಲಿನ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಕಳ್ಳ ಅಂದ ಹಾಗಾಯ್ತು, ಅಲ್ವಾ? ಸೆನ್ಸರ್ ಕೆಟ್ಟು ತಪ್ಪು ಹೇಳುವುದೂ ಉಂಟು. ಆದರೆ ಅದನ್ನು ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ.

ಗೆಳೆಯನೊಬ್ಬನ ಹತ್ತಿರ ಗಾಡಿಯ ಕೋಡ್ ಓದಿ ಫೋನಿಗೆ ಕಳಿಸುವ ಚಿಕ್ಕ ಬ್ಲೂಟೂತ್ ಓಬಿಡಿ ಅಡಾಪ್ಟರ್ ಇತ್ತು, ಕೇಳಿ ತಂದೆ. ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ ಫೋನಿನಲ್ಲಿ ಆಪ್ ತೆರೆದರೆ ಸಾಕು. ಕೋಡನ್ನು ನಾನು ಅಳಿಸಲಿಲ್ಲ. ಕೋಡ್ ಬಂದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನುವ ದಾಖಲೆ ಅದರ ಜೊತೆಯೇ ಇರುತ್ತದೆ, ಫ್ರೀಜ್ ಫ್ರೇಮ್ ಅಂತಾರೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಅದರಲ್ಲಿ ವೇಗ 0, ಎಂಜಿನ್ ಬಿಸಿ, ಆರ್‌ಪಿಎಂ 750ರ ಹತ್ತಿರ ಅಂತಿತ್ತು. ಅಂದರೆ ಗಾಡಿ ನಿಂತು ಐಡ್ಲಿಂಗ್‌ನಲ್ಲಿದ್ದಾಗ ಕೋಡ್ ಬಂದಿದೆ.

ಆಮೇಲೆ ಲೈವ್ ಡೇಟಾದಲ್ಲಿ ಫ್ಯುಯೆಲ್ ಟ್ರಿಮ್ ನೋಡಿದೆ. ನನ್ನ ಪ್ರಕಾರ ಬಡವನ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರಿ ಇಲ್ಲ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದೆ ಅಂತ ಅದು ತೋರಿಸುತ್ತದೆ. ಸೊನ್ನೆಯ ಆಸುಪಾಸು ಇದ್ದರೆ ಒಳ್ಳೆಯದು, 10 ದಾಟಿದರೆ ಹುಡುಕಬೇಕು. ನನ್ನ ಗಾಡಿಯಲ್ಲಿ ಶಾರ್ಟ್ (ಆ ಕ್ಷಣದ್ದು), ಲಾಂಗ್ (ಬಹಳ ಹೊತ್ತಿನಿಂದ ಕಲಿತದ್ದು) ಎರಡೂ ಟ್ರಿಮ್ ಸೇರಿ ಪ್ಲಸ್ 25 ಇತ್ತು. ಆಕ್ಸಿಲರೇಟರ್ ತುಳಿದು ಎಂಜಿನ್ನನ್ನು 2,500 ಆರ್‌ಪಿಎಂನಲ್ಲಿ ಹಿಡಿದೆ. ನಿಧಾನಕ್ಕೆ 6ಕ್ಕೆ ಇಳಿಯಿತು! ನನಗೆ ಮೈ ಜುಮ್ಮೆಂದಿತು, ಯಾಕಂದ್ರೆ ದಾರಿ ಸಿಕ್ಕಿತ್ತು. ಎಲ್ಲೋ ಒಂದು ತೂತಿನಿಂದ, ಏರ್‌ಫ್ಲೋ ಸೆನ್ಸರ್ ಅಳತೆಗೆ ಸಿಗದೆ, ಗಾಳಿ ಒಳಗೆ ನುಗ್ಗುತ್ತಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಹಾಗಾಗಿ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ರೇಸ್ ಕೊಟ್ಟಾಗ ಆ ಪಾಲು ಚಿಕ್ಕದಾಗುತ್ತದೆ. ಫ್ಯುಯೆಲ್ ಪಂಪ್ ಸೋತಿದ್ದರೆ ಸಾಮಾನ್ಯವಾಗಿ ಇದರ ಉಲ್ಟಾ ಆಗುತ್ತದೆ, ಲೋಡ್ ಹೆಚ್ಚಿದಷ್ಟೂ ಟ್ರಿಮ್ ಏರುತ್ತದೆ.

ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿದೆ. ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕುವವರಿದ್ದಾರೆ. ಅದು ಬೆಂಕಿ ಹತ್ತುವ ವಸ್ತು, ಬಿಸಿ ಎಂಜಿನ್ ಮೇಲೆ ಬಿದ್ದರೆ ಅಪಾಯ. ನಾನಂತೂ ಆ ದಾರಿ ಹಿಡಿಯಲಿಲ್ಲ. ಟಾರ್ಚ್ ಹಿಡಿದು ಒಂದೊಂದೇ ರಬ್ಬರ್ ಹೋಸನ್ನು ಬೆರಳಿಂದ ಬಗ್ಗಿಸಿ ನೋಡಿದೆ. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಸೇರಿಸುವ ಪಿಸಿವಿ ಹೋಸ್ ಮೇಲಿನಿಂದ ಹೊಸದರಂತಿತ್ತು. ತಿರುಗಿಸಿದರೆ ಅಡಿಯಲ್ಲಿ, ತಿರುವಿನ ಹತ್ತಿರ, ಉದ್ದಕ್ಕೆ ಸೀಳಿತ್ತು. ಬಿಸಿಗೆ ರಬ್ಬರ್ ಗಟ್ಟಿಯಾಗಿ ಬಿರಿದಿತ್ತು. ಸೆನ್ಸರ್‌ಗೆ ಹೇಳಿದ್ದ ಮೊತ್ತದ ಮುಂದೆ ಹೊಸ ಹೋಸಿನ ಬೆಲೆ ಏನೇನೂ ಅಲ್ಲ.

ಬೇರೆ ಕೋಡ್‌ಗಳಿಗೂ ಹೀಗೆ ಖರ್ಚಿಲ್ಲದ ಪರೀಕ್ಷೆಗಳಿವೆ. ಪಿ0303 ಬಂದರೆ 3ನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪ್ರತಿ ಸಿಲಿಂಡರಿಗೂ ಕಿಡಿ ಕೊಡುವ ಬೇರೆ ಕಾಯಿಲ್ ಇದ್ದರೆ, ಎಂಜಿನ್ ಆಫ್ ಇರುವಾಗ 3ರದ್ದನ್ನು 1ಕ್ಕೆ ಬದಲಿಸಿ ನೋಡಬಹುದು. ಕೋಡ್ ಪಿ0301 ಆದರೆ ಕೆಟ್ಟಿದ್ದು ಕಾಯಿಲ್ಲೇ. ಪಿ0455 ಬಂದರೆ, ಅಂದರೆ ಪೆಟ್ರೋಲ್ ಆವಿ ಎಲ್ಲೋ ಸೋರುತ್ತಿದೆ ಅಂದರೆ, ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯಾ ನೋಡಿ.

ಹೋಸ್ ಹಾಕಿದ ಮೇಲೂ ಕೋಡ್ ಅಳಿಸಲಿಲ್ಲ. ಸತತ ಮೂರು ಸಲ ಗಾಡಿ ಸ್ಟಾರ್ಟ್ ಮಾಡಿ ಓಡಿಸಿ ಆಫ್ ಮಾಡಿದಾಗ, ಅಂದರೆ ಮೂರು ಡ್ರೈವಿಂಗ್ ಸೈಕಲ್‌ನಲ್ಲಿ ಪರೀಕ್ಷೆ ನಡೆದು ದೋಷ ಕಾಣದಿದ್ದರೆ ಲೈಟ್ ತಾನೇ ಆರಬೇಕು, ಕಂಪ್ಯೂಟರೇ ಒಪ್ಪಿಕೊಳ್ಳಲಿ ಅನ್ನುವುದು ನನ್ನ ಆಸೆ. ಒಪ್ಪಿಕೊಂಡಿತು, ಲೈಟ್ ಆರಿತು. ನಡುಕ ನಿಂತಿದೆ. ಟ್ರಿಮ್ ಈಗ 3, 4ರಲ್ಲಿ ಆಡುತ್ತಿದೆ, ಅದೇ ಹಳೆಯ ಆಕ್ಸಿಜನ್ ಸೆನ್ಸರ್ ಇಟ್ಟುಕೊಂಡೇ.