ಜೀಬ್ರಾಮೀನಿನ ಫಿಟ್ಸ್ ಪ್ರಾಜೆಕ್ಟ್: ವಿಡಿಯೋ ಸಾಲದು, ಎಲೆಕ್ಟ್ರೋಡ್ ಬೇಕು

ಫಿಟ್ಸ್ ತಡೆಯುವ ಔಷಧಿಗಳನ್ನು ಜೀಬ್ರಾಮೀನಿನ ಮರಿಗಳ ಮೇಲೆ ಪರೀಕ್ಷಿಸುತ್ತಿದ್ದೇನೆ. ಮರಿಗಳ ಓಡಾಟ ಅಳೆಯುವ ವಿಡಿಯೋ ಟ್ರ್ಯಾಕಿಂಗ್ ಕೊನೆಗೂ ಒಂದು ಹದಕ್ಕೆ ಬಂದಿದೆ. 96 ಗುಳಿಗಳ ಪ್ಲೇಟು, ಗುಳಿಗೊಂದು ಮರಿ. ಮರಿಗಳಿಗೆ 7 ದಿನ, ಉದ್ದ ಸುಮಾರು 4 ಮಿಲಿಮೀಟರ್. ಇನ್‌ಕ್ಯುಬೇಟರ್ 28.5 ಡಿಗ್ರಿಯಲ್ಲಿದೆ.

ಫಿಟ್ಸ್ ಬರಿಸಲು ಪಿಟಿಝಡ್ (ಪೆಂಟಿಲೀನ್‌ಟೆಟ್ರಜೋಲ್) ಎಂಬ ರಾಸಾಯನಿಕ ಬಳಸುತ್ತಿದ್ದೇನೆ. ಮಿದುಳಿನಲ್ಲಿ ನರಕೋಶಗಳಿಗೆ ಬ್ರೇಕ್ ಹಾಕುವುದು ಗಾಬಾ ಎಂಬ ರಾಸಾಯನಿಕ. ಪಿಟಿಝಡ್ ಆ ಬ್ರೇಕನ್ನೇ ತಡೆಯುತ್ತದೆ. ನೀರಿಗೆ ಬೆರೆಸಿದರೆ ಸಾಕು, ಇಂಜೆಕ್ಷನ್ ಬೇಡ. ನರವಿಜ್ಞಾನಿ ಸ್ಕಾಟ್ ಬರಾಬನ್ ತಂಡ 2005ರಲ್ಲಿ ವಿವರಿಸಿದ ಮೂರು ಹಂತಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ: ಮೊದಲು ಓಡಾಟ ಜಾಸ್ತಿ, ಆಮೇಲೆ ಸುಳಿಯಂತೆ ಗಿರಕಿ, ಕೊನೆಗೆ ಮೈ ಸೆಟೆದು ಮಗ್ಗುಲಾಗಿ ಬೀಳುವುದು.

ತಕರಾರು ಇರುವುದು ಈ ಮೂರನೆಯ ಹಂತದಲ್ಲೇ. ಮಗ್ಗುಲಾಗಿ ಬಿದ್ದ ಮರಿ ಅಲ್ಲಾಡುವುದಿಲ್ಲ. ಸಾಫ್ಟ್‌ವೇರ್ ಲೆಕ್ಕದಲ್ಲಿ ಅದರ ವೇಗ ಸೊನ್ನೆ, ಅಂದರೆ ಶಾಂತ! ಎಲ್ಲಕ್ಕಿಂತ ಕೆಟ್ಟ ಸ್ಥಿತಿಯ ಮರಿಗೇ ಒಳ್ಳೆಯ ಅಂಕ. ಮಂಪರು ಬರಿಸುವ ಔಷಧಿ ಹಾಕಿದರೂ ಅದೇ ಸೊನ್ನೆ. ವಿಷವಾಗಿ ಸತ್ತ ಮರಿಯೂ ಸೊನ್ನೆಯೇ. ಓಡಾಟ ಕಡಿಮೆಯಾಯಿತು ಅಂದ ಮಾತ್ರಕ್ಕೆ ಫಿಟ್ಸ್ ನಿಂತಿತು ಅಂತ ಹೇಳುವ ಹಾಗಿಲ್ಲ, ಅಲ್ವಾ? ಹಾಗಾಗಿ ವಿಡಿಯೋ ಬರೀ ಜರಡಿ. ಅದರಲ್ಲಿ ಉಳಿದ ಔಷಧಿಗಳನ್ನು ಮಿದುಳಿನ ವಿದ್ಯುತ್ ನೋಡಿಯೇ ಒಪ್ಪಬೇಕು.

ಆ ಕೆಲಸ ಈಗ ಶುರು. ಮರಿಯನ್ನು ಕಡಿಮೆ ಶಾಖದಲ್ಲಿ ಕರಗುವ, ಜೆಲ್ಲಿಯಂಥ ಅಗರೋಸ್‌ನಲ್ಲಿ ಕೂರಿಸಿ, ಗಾಜಿನ ಎಲೆಕ್ಟ್ರೋಡನ್ನು ಮುಂಮಿದುಳಿಗೆ ಇಳಿಸಬೇಕು. ಚರ್ಮ ಪಾರದರ್ಶಕ, ತುದಿ ಎಲ್ಲಿ ಹೋಯಿತು ಅಂತ ಮೈಕ್ರೋಸ್ಕೋಪಿನಲ್ಲೇ ತಿಳಿಯುತ್ತದೆ. ಪಿಟಿಝಡ್ ಬಿದ್ದ ಮೇಲೆ ಪರದೆಯಲ್ಲಿ ಮಿದುಳಿನ ವಿದ್ಯುತ್ ತೋರಿಸುವ ಸಪಾಟಾದ ಗೆರೆ ಎದ್ದು ಕುಣಿಯುವುದನ್ನು ನೋಡಿದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಆದರೆ ನಿಧಾನದ ಕೆಲಸ, ಒಂದು ಸಲಕ್ಕೆ ಒಂದೇ ಮರಿ.

ಜೊತೆಗೆ ಎಸ್‌ಸಿಎನ್1ಲ್ಯಾಬ್ ಎಂಬ ಜೀನ್ ಕೆಟ್ಟಿರುವ ಮ್ಯುಟೆಂಟ್ ಮೀನುಗಳನ್ನೂ ಬೆಳೆಸುತ್ತಿದ್ದೇನೆ. ಮಕ್ಕಳಲ್ಲಿ ತೀವ್ರ ಫಿಟ್ಸ್ ಬರಿಸುವ ಡ್ರಾವೆ ಸಿಂಡ್ರೋಮ್‌ಗೆ ಹೆಚ್ಚಾಗಿ ಕಾರಣ ಎಸ್‌ಸಿಎನ್1ಎ ಜೀನ್. ಮೀನಿನಲ್ಲಿ ಅದಕ್ಕೆ ಎರಡು ಪ್ರತಿಗಳಿವೆ, ಅದರಲ್ಲಿ ಇದೊಂದು. ಇವಕ್ಕೆ ಪಿಟಿಝಡ್ ಬೇಡ, ಫಿಟ್ಸ್ ತಾನಾಗಿಯೇ ಬರುತ್ತದೆ. ಮರಿಗಳಲ್ಲಿ ಕಾಲು ಭಾಗ ಮಾತ್ರ ಮ್ಯುಟೆಂಟ್. ಮೈ ಕಪ್ಪಗಿರುತ್ತದೆ, ಈಜುಚೀಲ ಊದಿರುವುದಿಲ್ಲ, ಆರಿಸುವುದು ಸುಲಭ. 2013ರಲ್ಲಿ ಕ್ಲೆಮಿಜೋಲ್ ಎಂಬ ಹಳೆಯ ಅಲರ್ಜಿ ಔಷಧಿಗೆ ಫಿಟ್ಸ್ ತಡೆಯುವ ಗುಣವಿದೆ ಎಂದು ಗೊತ್ತಾಗಿದ್ದು ಇಂಥ ಮರಿಗಳಲ್ಲೇ.

ಮೀನಿಗೆ ನಮ್ಮಂತೆ ಪದರ ಪದರದ ಕಾರ್ಟೆಕ್ಸ್ (ಮಿದುಳಿನ ಹೊರಭಾಗ) ಇಲ್ಲ ಅನ್ನುವುದು ನೆನಪಿರಲಿ, ಹಾಗಾಗಿ ಮರಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೂ ಹೊಂದುತ್ತದೆ ಅನ್ನುವ ಹಾಗಿಲ್ಲ.

ಮುಂದಿನ ಸುತ್ತಿನಲ್ಲಿ ಈಗಾಗಲೇ ಬಳಕೆಯಲ್ಲಿರುವ ಫಿಟ್ಸ್ ಔಷಧಿಗಳಾದ ವಾಲ್ಪ್ರೊಯೇಟ್ ಮತ್ತು ಕಾರ್ಬಮಜೆಪೀನ್ ಎರಡನ್ನೂ ಹಾಕುತ್ತೇನೆ. ಮೊದಲನೆಯದನ್ನು ಡ್ರಾವೆ ಮಕ್ಕಳಿಗೂ ಕೊಡುತ್ತಾರೆ. ಎರಡನೆಯದು ಡ್ರಾವೆ ಮಕ್ಕಳಲ್ಲಿ ಫಿಟ್ಸನ್ನು ಇನ್ನಷ್ಟು ಕೆರಳಿಸಬಹುದು. ಮ್ಯುಟೆಂಟ್ ಮರಿಯ ಗೆರೆ ಈ ಎರಡರ ವ್ಯತ್ಯಾಸ ತೋರಿಸಿದರೆ, ಗೊತ್ತಿಲ್ಲದ ಔಷಧಿಗಳ ಪ್ಲೇಟು ಹೊರಗೆ ತೆಗೆಯುತ್ತೇನೆ.