‘ಕಲ್ಲು’ ಲಿನೋಕಟ್: ಒತ್ತಕ್ಷರ ಕೊನೆಗೂ ಬಗ್ಗಿತು

ಲಿನೋಲಿಯಂ ಶೀಟ್ ಕೆತ್ತಿ, ಇಂಕ್ ಹಚ್ಚಿ, ಕಾಗದಕ್ಕೆ ಒತ್ತುವ ಲಿನೋಕಟ್ ಒಂದನ್ನು ಮಾಡುತ್ತಿದ್ದೇನೆ. ನಿನ್ನೆ ರಾತ್ರಿ ಪರೀಕ್ಷೆಗೆಂದು ತೆಗೆದ ಪ್ರೂಫ್‌ನಲ್ಲಿ ‘ಕಲ್ಲು’ ಪದದ ಲ ಒತ್ತು ಚೊಕ್ಕವಾಗಿ ಬಿದ್ದಿದೆ. ಖುಷಿಗೆ ನಿದ್ದೆ ಬರಲಿಲ್ಲ.

ಈ ಪ್ರಿಂಟ್‌ನಲ್ಲಿ ಬೆಟ್ಟದ ಗೆರೆಯೇ ಇಲ್ಲ. ಚಿಕ್ಕಬಳ್ಳಾಪುರದ ಕಡೆಯಿಂದ ಕಾಣುವ ನಂದಿಬೆಟ್ಟವನ್ನು ಬರೀ ‘ಕಲ್ಲು’ ಪದದಿಂದ ಕಟ್ಟಿದ್ದೇನೆ. ತುದಿಯಲ್ಲಿ ಸಣ್ಣ ಅಕ್ಷರ, ಬುಡಕ್ಕೆ ಬಂದ ಹಾಗೆ ದಪ್ಪ. ಅಚ್ಚಿನಲ್ಲಿ ಎಲ್ಲ ತಿರುಗಿ ಬೀಳುತ್ತದೆ, ಅದಕ್ಕೇ ಅಕ್ಷರಗಳನ್ನು ಶೀಟ್ ಮೇಲೆ ಉಲ್ಟಾ ಇಳಿಸಿದೆ.

ತಲೆ ತಿಂದದ್ದು ಆ ಒತ್ತು. ರೋಲರ್ ಆಡಿಸಿದರೆ ಸಾಕು, ಸುಳಿಯೊಳಗಿನ ಬಿಳಿ ಜಾಗ ಇಂಕಿನಿಂದ ಮುಚ್ಚಿಹೋಗುತ್ತಿತ್ತು. ಇಂಕ್ ಕಡಿಮೆ ಮಾಡಿದರೆ ದೊಡ್ಡ ಅಕ್ಷರಗಳ ಕಪ್ಪು ತೇಪೆ ತೇಪೆ. ಮೆಗ್ನೀಷಿಯಂ ಕಾರ್ಬೊನೇಟ್ ಕಲಸಿ ಇಂಕ್ ಗಟ್ಟಿ ಮಾಡಿದೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಆಳಕ್ಕೆ ಕೆತ್ತೋಣ ಅಂದರೆ ಗೆರೆಯೇ ಕಿತ್ತು ಬರುತ್ತಿತ್ತು.

ಲಿನೋ ಕೂಡ ಕೈ ಕೊಟ್ಟಿತು. ಅಂಗಡಿಯವರು ಹೊಸ ಸ್ಟಾಕ್ ಅಂತ ಹೇಳಿ ಹಳೇ ಶೀಟ್ ಕಳಿಸಿದ್ದಾರೆ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಗೆ ವರ್ಷಗಟ್ಟಲೆ ಗಟ್ಟಿಯಾಗುತ್ತಲೇ ಇರುತ್ತದೆ. ಕೊನೆಗೆ ಒಣಗಿದ ರಾಗಿಮುದ್ದೆ ಹಾಗೆ ಉದುರುತ್ತದೆ. ಪೂರ್ತಿ ದುಡ್ಡು ತೆಗೆದುಕೊಂಡು ಹೀಗೆ ಮಾಡಿದರೆ ಸಿಟ್ಟು ಬರಲ್ವಾ? ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಮಾಡಿ ಕೆತ್ತಿದೆ.

ಆಮೇಲೆ ಅಕ್ಷರವನ್ನೇ ಬದಲಾಯಿಸಿದೆ. ಒತ್ತು ಪುಟ್ಟದಾಗಿರಬೇಕು ಅನ್ನುವುದು ಪುಸ್ತಕ ಅಚ್ಚು ಹಾಕುವವರ ಲೆಕ್ಕ, ಅವರಿಗೆ ಸಾಲು ಸರಿಯಾಗಿ ಕೂರಬೇಕು. ನನಗೆ ಆ ಕಟ್ಟು ಯಾಕೆ? ಒತ್ತನ್ನು ಮೇಲಿನ ಲ ಅಕ್ಷರದಷ್ಟೇ ದೊಡ್ಡದು ಮಾಡಿ ಸುಳಿಯ ಬಾಯಿ ಬಿಡಿಸಿದೆ. ಕೆತ್ತುವ ಉಳಿಯನ್ನು (ಗೌಜ್) ಗೆರೆಯಿಂದ ಹೊರಕ್ಕೆ ವಾಲಿಸಿ ಕೆತ್ತಿದ್ದರಿಂದ ಗೆರೆಯ ಬುಡ ಅಗಲವಾಗಿ ಉಳಿಯಿತು, ಮುರಿಯಲಿಲ್ಲ. ಈಗ ಬಂಡೆಯ ಮೇಲೆ ಬಂಡೆ ಕೂತಿರುವುದು ಕಾಣುತ್ತದೆ. ಚಿತ್ರಕ್ಕೆ ಬೇಕಿದ್ದದ್ದೂ ಅದೇ.

ಚೀನಾದ ಕಲಾವಿದ ಶೂ ಬಿಂಗ್ 1987ರಿಂದ 1991ರವರೆಗೆ ಸುಮಾರು 4000 ಅಕ್ಷರಗಳನ್ನು ತಾವೇ ಕಲ್ಪಿಸಿ ಮರದಲ್ಲಿ ಕೆತ್ತಿ ಅಚ್ಚು ಹಾಕಿದರು. ಒಂದನ್ನೂ ಯಾರೂ ಓದಲಾರರು. ಆ ಕೆಲಸ ಅಂದರೆ ನನಗೆ ಪ್ರಾಣ. ಆದರೆ ನನ್ನ ಬೆಟ್ಟವನ್ನು ಪಕ್ಕದ ಮನೆ ಅಜ್ಜಿಯೂ ಓದಬೇಕು ಅನ್ನುವುದು ನನ್ನ ಹಟ. ಅಜ್ಜಿ ಪ್ರೂಫ್ ನೋಡಿ ‘ಕಲ್ಲು, ಕಲ್ಲು’ ಅಂತ ಬೆರಳಿಟ್ಟು ಓದಿದರು.

ಮುಂದಿನದು ಸ್ಕ್ರೀನ್ ಪ್ರಿಂಟ್, ಅಂದರೆ ಮೆಶ್ ಅನ್ನುವ ಜಾಲರಿ ಬಟ್ಟೆಯ ಮೂಲಕ ಇಂಕ್ ಹಾಯಿಸಿ ಹಾಕುವ ಅಚ್ಚು. ಅಮೆರಿಕದ ಕಲಾವಿದ ಎಡ್ ರುಷೇ 1970ರಲ್ಲಿ ಇಂಕಿನ ಬದಲು ಚಾಕೊಲೇಟ್ ಸಿರಪ್‌ನಂಥ ತಿನ್ನುವ ಪದಾರ್ಥಗಳಲ್ಲಿ ಪದಗಳನ್ನು ಅಚ್ಚು ಹಾಕಿದ್ದರು. ನಮ್ಮ ಕಡೆ ಬೆಳೆಯುವ ಬೆಂಗಳೂರು ಬ್ಲೂ ಹಣ್ಣಿನ ರಸದಲ್ಲೇ ‘ದ್ರಾಕ್ಷಿ’ ಅಂತ ಹಾಕುವ ಆಸೆ. ಬರೀ ರಸ ಮೆಶ್‌ನಲ್ಲಿ ಸೋರಿಬಿಡುತ್ತದೆ, ಗಂಜಿ ಕಲಸಲೇಬೇಕು. ಮೈದಾ ಒಳ್ಳೆಯದಾ, ಕಾರ್ನ್‌ಫ್ಲೋರ್ ಒಳ್ಳೆಯದಾ? ಮಾಡಿ ನೋಡಿದವರು ಹೇಳಿ.